ಹೆಗಲ ಮೇಲೆ ಬಂದ ಕೈ

ಮದುವೆಯಾದಾಗಿನಿಂದ ನಮ್ಮ ಯಜಮಾನರು ಬೀದಿಯಲ್ಲಿ ನನಗಿಂತ ಮುಂದೆಯೇ ನಡೆದವರು. ಹಿಂತಿರುಗಿ ನೋಡುವ ಅಭ್ಯಾಸವೂ ಇಲ್ಲ. ಅಂಥವರು ಹೋದ ವರ್ಷ ಬರಗೂರಿನ ಬೀದಿಯಲ್ಲಿ ಇದ್ದಕ್ಕಿದ್ದಂತೆ ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈ ಹಾಕಿದರೆ ಯಾವ ಹೆಂಡತಿಗೆ ತಾನೇ ಅನುಮಾನ ಬರುವುದಿಲ್ಲ?

ಅನುಮಾನ ನನಗೆ ಅಮ್ಮನ ಕಡೆಯಿಂದ ಬಂದ ಆಸ್ತಿ. ಹಾಲಿನವನ ಅಳತೆಯನ್ನೂ ಸುಮ್ಮನೆ ನಂಬಿದವಳಲ್ಲ. "ಏನ್ ಕಣಮ್ಮ, ಯಜಮಾನ್ರಿಗೆ ಈಗ ಪ್ರಾಯ ಬಂದ್ಬುಟ್ಟೈತೆ!" ಎಂದು ಎದುರುಮನೆಯಾಕೆ ಕಿಚಾಯಿಸಿದಾಗ ನಾಚಿಕೆಯಾಗಲಿಲ್ಲ, ಸಂಶಯ ಬಲವಾಯಿತು. ಏನೋ ಮಾಡಿಕೊಂಡಿದ್ದಾರೆ, ಅದಕ್ಕೇ ಈ ಬೆಣ್ಣೆ. ಅವರ ಮೊಣಕೈ ಬೇರೆ ಕಪ್ಪಗೆ ಕಂದಿತ್ತು. ಕೇಳಿದರೆ, "ಕಡ್ಲೆಕಾಯಿ ಮೂಟೆ ತಗುಲ್ತು, ಬುಡು" ಎಂದರು. ಮನೆಯಲ್ಲಿ ಮೂಟೆಗಳು ಖಾಲಿಯಾಗಿ ಬಹಳ ದಿನವಾಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕಳ್ಳ ನನ್ನ ಹೆಗಲನ್ನೇ ಮುಟ್ಟುತ್ತಿದ್ದ.

ನಿಜ ಹೊರಬಿದ್ದದ್ದು ಶಿರಾ ಬಸ್ಸಿನಲ್ಲಿ. ಸಿಕ್ಕಿದ ಒಂದೇ ಸೀಟನ್ನು ನನಗೆ ಕೊಟ್ಟು ಅವರು ಕೈಕಟ್ಟಿ ನಿಂತರು. ಅದು ಅವರ ಹಳೆಯ ಜಂಬ. ನಿವೃತ್ತ ಕಂಡಕ್ಟರ್, ಇದೇ ರಸ್ತೆಯ ಗುಂಡಿಗಳಲ್ಲಿ ಒಂದು ಕೈಯಲ್ಲಿ ಟಿಕೆಟ್, ಇನ್ನೊಂದರಲ್ಲಿ ಚಿಲ್ಲರೆ ಹಿಡಿದು, ಕಂಬಿ ಮುಟ್ಟದೆ ಸರ್ವೀಸು ಮುಗಿಸಿದವರು. ತಿರುವು ಬಂತು. ಕಾಲು ತಡವರಿಸಿತು, ಮುಖ ಬಿಳಿಚಿಕೊಂಡಿತು, ತಲೆಯ ಮೇಲೇ ಕಂಬಿಯಿದ್ದರೂ ಕೈ ನನ್ನ ಹೆಗಲನ್ನು ಹುಡುಕಿ ಹಿಡಿಯಿತು.

"ಕಂಬಿ ಹಿಡ್ಕೊಳ್ರೀ!" ಎಂದೆ.

"ಕಂಡಕ್ಟ್ರು ಕಂಬಿ ಹಿಡ್ದ್ರೆ ಜನ ನಗಾಡಲ್ವೇನೆ?"

ಇಷ್ಟು ದಿನ ನಾನು ಅವರಿಗೆ ಕಂಬಿಯಾಗಿದ್ದೆ! ಮೈಯೆಲ್ಲ ಉರಿದುಹೋಯಿತು. ಹಿಂದೆಯೇ ಭಯವೂ ಆಯಿತು. ಅವರ ಅಣ್ಣ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದವರು ಮತ್ತೆ ಏಳಲೇ ಇಲ್ಲ.

ಅವತ್ತೇ ಶಿರಾದಲ್ಲಿ ಡಾಕ್ಟರ ಮುಂದೆ ಕೂರಿಸಿ ಬಾಯಿ ಬಿಡಿಸಿದೆ. ಮೊಣಕೈ ಕಂದಿದ್ದು ಹಿತ್ತಲಲ್ಲಿ ತಲೆ ಸುತ್ತಿ ಬಿದ್ದು ಎಂದು ಒಪ್ಪಿಕೊಂಡರು. ಡಾಕ್ಟರು ತಲೆಸುತ್ತು ತರುತ್ತಿದ್ದ ಬಿಪಿ ಮಾತ್ರೆ ಬದಲಿಸಿದರು, ಕಣ್ಣು ತೋರಿಸಿ ಎಂದರು, ಬಾಗಿಲ ಚೌಕಟ್ಟು ಹಿಡಿದು ಒಂಟಿಕಾಲಲ್ಲಿ ನಿಲ್ಲುವುದನ್ನು ಹೇಳಿಕೊಟ್ಟರು. ದಿನಾ ಬೆಳಿಗ್ಗೆ ನಾನು ಎದುರೇ ನಿಂತು ಕಾಯುತ್ತಿದ್ದೆ. ನಂಬಿ ಒಳಗೆ ಹೋದರೆ ಕಾಲು ಇಳಿಸಿಬಿಡುವ ಆಸಾಮಿ. ಬಚ್ಚಲ ಗೋಡೆಗೆ ಕಬ್ಬಿಣದ ಹಿಡಿ ಹಾಕಿಸಿದೆ. "ಬಸ್ಸಿನ ಕಂಬಿ ಮನೇಗೇ ತಂದ್ಬುಟ್ಯಾ" ಎಂದು ಗೊಣಗಿದರು. ಅಲ್ಲಿ ನಗುವವರು ಯಾರೂ ಇಲ್ಲವಲ್ಲ, ಹಿಡಿದರು.

ಮೊನ್ನೆ ಸಿದ್ದರಬೆಟ್ಟಕ್ಕೆ ಹೋಗಿದ್ದೆವು. ಬಸ್ಸಿಳಿದು ಸಮತಟ್ಟಾದ ರಸ್ತೆಯಲ್ಲಿ ಅವರು ಹಿಂದಿನಂತೆ ಸರಸರನೆ ಮುಂದೆ ಹೊರಟರು. ನೆಮ್ಮದಿಯಾಯಿತು. ಜೊತೆಗೆ, ಯಾಕೆ ಸುಳ್ಳು ಹೇಳಲಿ, ಹೆಗಲು ಬರಿದೆನಿಸಿ ಬೇಜಾರೂ ಆಯಿತು. ಅಷ್ಟರಲ್ಲಿ ನಿಂತು ತಿರುಗಿ ನೋಡಿದರು. ವಾಪಸು ಬಂದು ಹೆಗಲ ಮೇಲೆ ಕೈಯಿಟ್ಟರು.

"ತಲೆ ಸುತ್ತುತೈತಾ?"

"ಇಲ್ಲ ಕಣೆ."

"ಕಾಲು?"

"ಗಟ್ಟಿಯಾಗೈತೆ."

ಮುಖವನ್ನೇ ದಿಟ್ಟಿಸಿದೆ. ಸುಳ್ಳೋ ನಿಜವೋ ತಿಳಿಯಲಿಲ್ಲ. ಮತ್ತೆ ಕೈ ಯಾಕೆ ಎಂಬ ಪ್ರಶ್ನೆ ನಾಲಿಗೆ ತುದಿಗೆ ಬಂದಿತ್ತು. ಜನ್ಮದಲ್ಲಿ ಮೊದಲ ಸಲ, ಕೇಳದೆ ಸುಮ್ಮನೆ ನಡೆದೆ.