ಒಂಟಿ ಸೀನು

ಆ ವರ್ಷ ಧನಗೆರೆಯಲ್ಲಿ ಫ್ಲೂ ಜ್ವರ ನುಗ್ಗದ ಮನೆಯೇ ಇರಲಿಲ್ಲ. ನಾನು ಆಗಷ್ಟೇ ಬಿ.ಎಸ್ಸಿ. ಪಾಸು ಮಾಡಿ ಊರಿಗೆ ಬಂದಿದ್ದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು. ಹಾಸ್ಟೆಲಿನ ನೀರುಸಾರು ಕುಡಿದು, ಯಾರ್‍ಯಾರದೋ ಪುಸ್ತಕ ಓದಿ ಗೆದ್ದ ಡಿಗ್ರಿ. ಅದರ ಹೆಮ್ಮೆ ಆಗಲೂ ಇತ್ತು, ಈಗಲೂ ಇದೆ.

ಒಳಕೋಣೆಯಲ್ಲಿ ಅಕ್ಕ ಬಾಣಂತಿ, ಮಡಿಲಲ್ಲಿ ಎಳೇ ಕೂಸು. ಅದೇ ಹೊತ್ತಿಗೆ ಅಣ್ಣನ ಮಗಳಿಗೆ ಜ್ವರ ಬಂತು. ಕೂಸಿಗೆ ಅಂಟಿದರೆ ಉಳಿಯಲಾರದೆಂಬ ಭಯ ನನಗೆ. ಹುಡುಗಿಯನ್ನು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗಿಸಿ, ಹಳೇ ಪಂಚೆಯ ತುಂಡು ಕೊಟ್ಟು, ಇದರೊಳಗೇ ಸೀನಬೇಕು ಎಂದಿದ್ದೆ. ಅತ್ತಿಗೆಯ ಹೊರತು ಯಾರೂ ಅಲ್ಲಿಗೆ ಹೋಗಕೂಡದು. ಮುಖ್ಯವಾಗಿ ಅವ್ವ, ದಿನಾ ಕೂಸಿಗೆ ಎಣ್ಣೆ ತಿಕ್ಕಿ ನೀರೆರೆಯುತ್ತಿದ್ದವಳು ಅವಳೇ.

ಒಂದು ಬೆಳಿಗ್ಗೆ ಅವ್ವ ಒಳ್ಳೆಯ ಸೀರೆ ಉಟ್ಟು, ಎಲೆಯಡಿಕೆ ಗಂಟು ಕಟ್ಟಿಕೊಂಡು ಪಕ್ಕದೂರು ಅಗರಕ್ಕೆ ಹೊರಟಳು. ನನಗೆ ಹೆಣ್ಣು ಕೇಳಲು. ಹೊಸಿಲು ದಾಟುವಷ್ಟರಲ್ಲಿ ಕೊಟ್ಟಿಗೆ ಪಕ್ಕದ ಕೋಣೆಯಿಂದ ಒಂದೇ ಒಂದು ಸೀನು.

ಅವ್ವ ಗಂಟು ಕೆಳಗಿಟ್ಟಳು. “ಒಂಟಿ ಸೀನು. ಕೆಟ್ಟೋಯ್ತು ಕೆಲ್ಸ.”

ಹಿಂದೆಯೇ ಇನ್ನೊಂದು ಬಂದರೆ ದೋಷವಿಲ್ಲ ಎಂಬುದು ನಮ್ಮ ಕಡೆಯ ಕಾನೂನು. ಕಾದೆವು. ಬರಲಿಲ್ಲ.

“ಇನ್ನೊಂದ್ ಸೀನಮ್ಮಿ,” ಎಂದು ಅವ್ವ ಕೂಗಿದಳು.

“ಬತ್ತಾ ಇಲ್ಲ ಕಣಜ್ಜಿ.”

ಅವ್ವ ಸೆರಗಿನ ತುದಿಯನ್ನು ಬತ್ತಿಯಂತೆ ಹೊಸೆಯುತ್ತಾ ಕೋಣೆಯತ್ತ ನಡೆದಳು. ಮೂಗಿನಲ್ಲಿ ಬತ್ತಿಯಾಡಿಸಿ ಸೀನು ಬರಿಸುವುದರಲ್ಲಿ ಅವಳದು ಪಳಗಿದ ಕೈ. ನಾನು ಬಾಗಿಲಿಗೆ ಅಡ್ಡ ನಿಂತೆ.

“ಮೂತಿಗ್ ಮೂತಿ ಕೊಟ್ಟು ಸೀನಿಸ್ಕಂಡು, ಆಮೇಲೆ ಕೂಸ್ಗೆ ನೀರುಯ್ಯಕ್ಕೋಯ್ತೀಯಾ?”

“ನಿನ್ ಬಿ.ಎಸ್ಸಿಲಿ ಸೀನಿನ ಪಾಠ ಅದಾಲಾ?”

“ಅದೆ ಕಣವ್ವ.”

“ಒಂಟಿದಾ, ಜೋಡಿದಾ?”

ಇದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ. ಅವಳ ಮೊಣಕೈ ಆಗಲೇ ನನ್ನನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಒಳಗಿನಿಂದ ಹುಡುಗಿ, “ಚಿಕ್ಕಪ್ಪ, ನೀ ಏಳ್ದಂಗೆ ನಾ ಬಟ್ಟೆ ಒಳ್ಗೇ ಸೀನ್ದಿ,” ಎಂದು ವರದಿ ಒಪ್ಪಿಸಿದಳು.

“ಕೇಳಿಸ್ಕಂಡಾ? ಬಟ್ಟೆ ಒಳಗಿನ್ ಸೀನು ಹೊಸ್ಲು ದಾಟಕ್ಕಿಲ್ಲ ಕಣವ್ವ,” ಎಂದೆ.

ಜ್ವರ ಶುರುವಾದಾಗಿನಿಂದ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಅವ್ವನ ಕಿವಿಗೆ ಬಿದ್ದದ್ದು ಅವತ್ತೇ. ನಾನು ಆಡಿದ್ದು ರೋಗದ ಮಾತು. ಅವಳು ಕೇಳಿಸಿಕೊಂಡದ್ದು ಶಕುನದ ಮಾತು.

“ದಾಟ್ನಿಲ್ಲ ಅಂದ್ಮೇಲೆ ನಂಗೆಲ್ಲಿ ಅಡ್ಡ ಬಂತು?” ಎಂದು ಸೆರಗು ಕೊಡವಿ ಗಂಟು ಎತ್ತಿಕೊಂಡಳು. ಬೀದಿಯುದ್ದಕ್ಕೂ ಜಗುಲಿಗಳ ಮೇಲಿದ್ದ ಮಕ್ಕಳಿಗೆ, “ಬಟ್ಟೆ ಅಡ್ಡ ಇಟ್ಕಂಡ್ ಸೀನ್ರಲಾ, ಊರಿಗೋಗೋರ್ ಕೆಲ್ಸ ಕೆಡಿಸ್ಬ್ಯಾಡಿ,” ಎಂದು ಬೈದುಕೊಂಡೇ ಹೋದಳು. ಊರಿನ ಹೆಂಗಸರೆಲ್ಲ ಆ ಕಾನೂನನ್ನು ತಕ್ಷಣ ಒಪ್ಪಿದರು. ನಾನು ಕ್ರಿಮಿಗಳ ಬಗ್ಗೆ ಹೇಳಿದಾಗ ಇದೇ ಹೆಂಗಸರು ನಕ್ಕಿದ್ದರು.

ಸಂಜೆ ಅವ್ವ ಮುಖ ಗಂಟಿಕ್ಕಿಕೊಂಡು ಬಂದಳು. ಹೆಣ್ಣಿನ ಕಡೆಯವರು ಒಪ್ಪಿರಲಿಲ್ಲ. ನನಗೆ ಭಯವಾದದ್ದು ಹೆಣ್ಣು ತಪ್ಪಿತೆಂದಲ್ಲ. ಈಗ ಇವಳು ಸೀನನ್ನು ದೂರಿದರೆ ನನ್ನ ಕಟ್ಟುಪಾಡು ಅಲ್ಲಿಗೆ ಮುಗಿಯಿತು, ಕೂಸಿನ ಗತಿ ದೇವರೇ ಬಲ್ಲ.

“ಸೀನಿಂದೇನಿಲ್ಲ,” ಎಂದಳು ಅವ್ವ. “ಕೆಲ್ಸ ಇರೋ ಗಂಡೇ ಬೇಕಂತೆ. ಬರೀ ಬಿ.ಎಸ್ಸಿ ತಕಂಡ್ ಏನ್ ಮಾಡಾದು ಅಂದ್ರು.”

ಸೀಗೆಪುಡಿ ಹಾಕಿ ಕೈ ತೊಳೆದುಕೊಂಡು, ಕೊಟ್ಟಿಗೆಯ ಕಡೆ ತಿರುಗಿಯೂ ನೋಡದೆ, ಕೂಸಿಗೆ ನೀರು ಕಾಯಿಸಲು ಹೋದಳು. ಕೂಸಿಗೆ ಜ್ವರ ತಾಕಲಿಲ್ಲ.