ಚಿಕ್ಕಮ್ಮ ಹಿಡಿದ ಜಿಗಣೆಗಳು

ಜಿಗಣೆಯ ಮೈಗೆ ಮದ್ದು ಚುಚ್ಚಿ, ಹೊಸ ರಕ್ತನಾಳ ಹೇಗೆ ಬೆಳೆಯುತ್ತದೆಂದು ನೋಡುವುದು ನನ್ನ ಸಂಶೋಧನೆ. ಜಿಗಣೆ ಹಿಡಿದುಕೊಟ್ಟವಳು ಮಗ್ಗೆ ಊರಿನ ನಮ್ಮ ಚಿಕ್ಕಮ್ಮ. ಸೀರೆ ಎತ್ತಿ ಕಟ್ಟಿ ಕೆರೆಗಿಳಿದಳು. ಕಾಲಿಗೆ ಕಚ್ಚಿದ ಜಿಗಣೆಯನ್ನು ಸುಣ್ಣ, ಹೊಗೆಸೊಪ್ಪು ಹಚ್ಚಿ ಬಿಡಿಸಿದರೆ ಪ್ರಯೋಗಕ್ಕೆ ಬರುವುದಿಲ್ಲವೆಂದು ನಾನೇ ಹೇಳಿದ್ದೆ. ಅದಕ್ಕೇ ಅವು ಕುಡಿದು ತಾವಾಗಿ ಉದುರುವವರೆಗೂ ದಡದಲ್ಲಿ ಕಾಲು ಚಾಚಿ ಕೂತಳು.

“ರಕ್ತ ನಿಲ್ತಾನೇ ಇಲ್ಲ ಕಣವ್ವ. ನೀನು ಹುಷಾರಾಗಿ ತಗೊಂಡೋಗು, ಸತ್ತುಗಿತ್ತು ಹೋದಾವು” ಅಂದಳು.

ಪ್ರಬಂಧದಲ್ಲಿ ಅವಳಿಗೆ ಕೃತಜ್ಞತೆ ಬರೆದಿದ್ದೆ. ಪ್ರೊಫೆಸರರು ಅದನ್ನು ಹೊಡೆದುಹಾಕಿ ‘ಕೆರೆಯಿಂದ ಸಂಗ್ರಹಿಸಲಾಯಿತು’ ಎಂದು ತಿದ್ದಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಪ್ರಬಂಧದ ಜೊತೆಗೆ ತುಂಬಬೇಕಿದ್ದ ಪ್ರಾಣಿಪ್ರಯೋಗದ ಫಾರಂ ಕೇಳಿತ್ತು: ಜಿಗಣೆಗಳನ್ನು ಚೆನ್ನಾಗಿ ನೋಡಿಕೊಂಡಿದ್ದೀರಾ?

ನಿಜವನ್ನೇ ಬರೆದೆ: ‘ನಮ್ಮ ಚಿಕ್ಕಮ್ಮನ ರಕ್ತವನ್ನು ಹೊಟ್ಟೆ ತುಂಬ ಕುಡಿಸಿದ್ದೇವೆ.’