ಹರಕೆಗೆ ಬಿಟ್ಟ ಕರು

ನನ್ನ ಮಗಳು ಒಂದೇ ಕಡೆ ಕೂತು ಒಂದು ಇಡ್ಲಿ ಮುಗಿಸಿದ್ದನ್ನು ಅವಳಿಗೆ ಎಂಟು ತುಂಬುವವರೆಗೂ ನಾನು ಕಂಡಿರಲಿಲ್ಲ. ಒಂದು ತುತ್ತು ಅಡುಗೆಮನೆಯಲ್ಲಾದರೆ ಇನ್ನೊಂದು ಹಿತ್ತಿಲಲ್ಲಿ, ಮುಂದಿನದು ದ್ರಾಕ್ಷಿ ಚಪ್ಪರದ ಕೆಳಗೆ. ತಟ್ಟೆ ಹಿಡಿದು ಹಿಂದೆ ಓಡುವವಳು ನಾನು. ಶಾಲೆಯಲ್ಲಿ ಬೆಂಚಿನ ಮೇಲೆ ಕೂರಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೆಂಚಿನ ಕೆಳಗಿರುತ್ತಿದ್ದಳು. ಕೊನೆಗೆ ಶಾಲೆಯವರು, ಇವಳನ್ನು ಬೇರೆ ಶಾಲೆಗೆ ಸೇರಿಸಿ ಎಂದು ಬಾಯಿಬಿಟ್ಟೇ ಹೇಳಿದರು. ದಿಂಡಿಗಲ್ಲಿನ ಡಾಕ್ಟರ್ ಇದಕ್ಕೆ ಉದ್ದದ ಇಂಗ್ಲಿಷ್ ಹೆಸರೊಂದನ್ನು ಹೇಳಿದರು. ಮನಸ್ಸೂ ಮೈಯೂ ಒಂದು ಕಡೆ ನಿಲ್ಲದಿರುವ ತೊಂದರೆ, ಮಗು ಬೇಕೆಂದು ಮಾಡುತ್ತಿಲ್ಲ ಎಂದು ಬಿಡಿಸಿ ಹೇಳಿದರು. ಬೇಕೆಂದು ಮಾಡುತ್ತಿಲ್ಲ ಎಂಬ ಮಾತನ್ನು ಅದುವರೆಗೆ ಯಾರೂ ನನಗೆ ಹೇಳಿರಲಿಲ್ಲ. ಅವರ ಮುಂದೆಯೇ ಅತ್ತುಬಿಟ್ಟೆ.

ಮನೆಯಲ್ಲಿ ನನ್ನ ಅತ್ತೆಗೆ ಈ ಹೆಸರೆಲ್ಲ ಹಿಡಿಸಲಿಲ್ಲ. ಅವರು ನನ್ನ ಅಪ್ಪನ ಸ್ವಂತ ಅಕ್ಕ. ಜಗಳವಾಡಿ ತವರಿಗೆ ಹೋಗಿ ದೂರು ಹೇಳೋಣವೆಂದರೆ ನನ್ನ ತವರೂ ಅವರದೇ. ತಮಿಳುನಾಡಿನ ಕಂಬಂ ಕಣಿವೆಯ ನಮ್ಮ ಜನ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ತಲೆಮಾರುಗಳಿಂದ ನಮ್ಮ ಜೊತೆ ಉಳಿದಿರುವುದು ಈ ಭಾಷೆ ಮತ್ತು ದೇವರ ದನಗಳು. ಊರಂಚಿನಲ್ಲಿ ಅವುಗಳಿಗೊಂದು ದೊಡ್ಡಿ ಇದೆ, ತೊಳು ಎನ್ನುತ್ತೇವೆ. ಅಲ್ಲಿಗೆ ಬಿಟ್ಟ ಕರುವಿಗೆ ಮೂಗುದಾರ ಇಲ್ಲ, ನೊಗ ಇಲ್ಲ, ಅದನ್ನು ಯಾರೂ ಮಾರುವಂತಿಲ್ಲ, ಯಾರೂ ಮರಳಿ ಮನೆಗೆ ಹೊಡೆದುಕೊಂಡು ಬರುವಂತಿಲ್ಲ. ಕಷ್ಟ ಬಂದಾಗ ಕರು ಬಿಡುತ್ತೇವೆಂದು ಹರಕೆ ಹೊರುವುದು ನಮ್ಮ ವಾಡಿಕೆ.

ಅತ್ತೆಯೂ ತೊಳುವಿನ ಮುಂದೆ ನಿಂತು ಹೊತ್ತುಕೊಂಡರು. "ಸಾಮೀ, ಈ ಕೂಸು ನಾಕು ಮಕ್ಕಳಂಗೆ ಒಂದು ತಾವ ಕುಂತ್ರೆ, ನಮ್ಮ ಕೊಟ್ಟಿಗೇಲಿ ಮುಂದೆ ಹುಟ್ಟೋ ಕರಾನ ನಿಂಗೇ ಬುಡ್ತೀನಿ."

ಆಗ ನಮ್ಮ ಹಸು ಇನ್ನೂ ಗಬ್ಬವಾಗಿತ್ತು. ಹುಟ್ಟದ ಕರುವಿನ ಬಗ್ಗೆ ಯಾರು ತಲೆಕೆಡಿಸಿಕೊಳ್ಳುತ್ತಾರೆ? ನಾನೂ ಕೈಮುಗಿದು ಬಂದೆ.

ಡಾಕ್ಟರ್ ಹೇಳಿದ್ದರಿಂದ ವಾರಕ್ಕೊಮ್ಮೆ ಮಗಳನ್ನು ತೇನಿ ಪೇಟೆಗೆ ಕರೆದೊಯ್ಯತೊಡಗಿದೆ. ಅಲ್ಲಿ ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬ ಟೀಚರ್ ಇಂಥ ಮಕ್ಕಳಿಗೆ ಬಣ್ಣ, ತಮಟೆ, ಕುಣಿತ, ಜೇಡಿಮಣ್ಣು ಕೊಟ್ಟು ಕಲಿಸುತ್ತಿದ್ದರು. ಅದನ್ನು ಕಲಾಚಿಕಿತ್ಸೆ ಎನ್ನುತ್ತಿದ್ದರು. ಮೊದಲ ದಿನ ನನಗೆ ಮೈ ಉರಿದುಹೋಯಿತು. ಅಷ್ಟು ದೂರ ಬಸ್ಸಿನಲ್ಲಿ ಇವಳನ್ನು ಹಿಡಿದು ಹಿಡಿದು ನನ್ನ ತೋಳು ಬಿದ್ದುಹೋಗಿತ್ತು, ಆ ಟೀಚರ್ ತಮಟೆ ಬಾರಿಸುತ್ತ "ಓಡು, ಇನ್ನೂ ಜೋರಾಗಿ ಓಡು" ಎನ್ನುತ್ತಿದ್ದಾರೆ! ಓಡುವುದನ್ನು ಕಲಿಸಲು ಇವಳಿಗೆ ಟೀಚರ್ ಬೇಕೆ ಎಂದುಕೊಂಡೆ. ಆದರೆ ತಮಟೆ ನಿಧಾನವಾದಂತೆ ಇವಳ ಕಾಲೂ ನಿಧಾನವಾಯಿತು. ತಮಟೆ ನಿಂತಿತು, ಇವಳೂ ನಿಂತಳು. ಏದುಸಿರು ಬಿಡುತ್ತ ನಿಂತವಳ ಕೈಗೆ ಟೀಚರ್ ಒಂದು ಹಿಡಿ ಒದ್ದೆ ಮಣ್ಣು ಇಟ್ಟರು. ಇವಳು ಅದನ್ನು ಹಿಚುಕಿದಳು, ಮೂಸಿದಳು, ಆಮೇಲೆ ಗೋಡೆಗೆ ಎಸೆದಳು. ಟೀಚರ್ ಬೈಯಲಿಲ್ಲ, ಇನ್ನೊಂದು ಹಿಡಿ ಕೊಟ್ಟರು.

ಅಷ್ಟರಲ್ಲಿ ಮನೆಯಲ್ಲಿ ಕರು ಹುಟ್ಟಿತು. ಕೆಂದು ಬಣ್ಣ, ಹಣೆಯ ಮೇಲೆ ಬಿಳಿ ಚುಕ್ಕೆ, ಹೆಣ್ಣುಗರು. ಅಯ್ಯೋ, ಅದೂ ಇವಳ ಹಾಗೆಯೇ! ಕೊಟ್ಟಿಗೆಯಲ್ಲಿ ಒಂದು ಗಳಿಗೆ ನಿಂತದ್ದಿಲ್ಲ. ಬಾಲ ಎತ್ತಿ ಅದು ಹಾರಿದರೆ ಇವಳೂ ಹಾರಿದಳು. ಇಬ್ಬರೂ ದಣಿದು ಹುಲ್ಲಿನ ಮೇಲೆ ಬಿದ್ದುಕೊಳ್ಳುತ್ತಿದ್ದರು. ಶಾಲೆ ಸೇರಿದ ಮೇಲೆ ನಮ್ಮ ಜೊತೆಗೂ ತಮಿಳಿನಲ್ಲೇ ಮಾತಾಡುವ ಮಗಳು ಕರುವಿನ ಜೊತೆ ಮಾತ್ರ ಅಜ್ಜಿಯ ಕನ್ನಡ ಆಡುತ್ತಿದ್ದಳು. "ಬಾ ಚೆಲುವಿ, ಕುಂತ್ಕೊ. ಓಡಬ್ಯಾಡ ಕಣ್ಣು, ಬೀಳ್ತೀಯ." ನಾನು ಅವಳಿಗೆ ದಿನವಿಡೀ ಹೇಳುತ್ತಿದ್ದ ಮಾತುಗಳು ಅವು.

ತೇನಿಯ ಕೋಣೆಯಲ್ಲಿ ಮಣ್ಣು ಕರುವಾಗತೊಡಗಿತು. ಮೊದಲು ಬರೀ ಒಂದು ಕಾಲು. ಮುಂದಿನ ವಾರ ಇನ್ನೊಂದು ಕಾಲು. ಬಿದ್ದುಹೋದಾಗ ಇವಳು ಕೂಗಾಡಿ ತುಳಿದು ಹಾಕುವಳೆಂದು ನಾನು ಬಾಗಿಲಲ್ಲೇ ಎದ್ದು ನಿಂತಿದ್ದೆ. ಇವಳು ತುಳಿಯಲಿಲ್ಲ. ನಾಲಗೆ ಕಚ್ಚಿಕೊಂಡು ಮತ್ತೆ ಕಟ್ಟಿದಳು. ಕಾಲು, ಹೊಟ್ಟೆ, ಕಿವಿ. ಬೀದಿಯಲ್ಲಿ ಲಾರಿ ಹಾರ್ನ್ ಹೊಡೆದರೂ ತಿರುಗಲಿಲ್ಲ. ನನ್ನ ಮಗಳು ಕೂತಿದ್ದಾಳೆ! ಯಾರಿಗಾದರೂ ತೋರಿಸಬೇಕೆನಿಸಿತು, ಆದರೆ ಬಾಗಿಲಲ್ಲಿ ನಾನೊಬ್ಬಳೇ ಇದ್ದೆ.

ಆ ಸಂತೋಷದ ಬೆನ್ನಿಗೇ ಹರಕೆ ನೆನಪಾಯಿತು. ಇವಳು ಕೂತರೆ ಕರು ಹೋಗುತ್ತದೆ.

ಮಗಳು ಸುಧಾರಿಸಿದ್ದನ್ನು ಮನೆಯವರಿಂದ ಬಚ್ಚಿಟ್ಟ ತಾಯಿ ಬೇರೆ ಯಾರಾದರೂ ಇದ್ದಾರೋ ಇಲ್ಲವೋ. ಮನೆಯಲ್ಲಿ ಅವಳು ಸುಮ್ಮನೆ ಕೂತು ಬಣ್ಣ ಹಚ್ಚುತ್ತಿದ್ದರೆ, ಅತ್ತೆಯ ಹೆಜ್ಜೆ ಸದ್ದಾದ ಕೂಡಲೇ ನಾನೇ "ಹೋಗು, ಹೊರಗೆ ಆಡ್ಕೋ" ಎಂದು ಎಬ್ಬಿಸುತ್ತಿದ್ದೆ. ತೇನಿಯಲ್ಲಿ ಹೇಗಿತ್ತು ಎಂದು ಗಂಡ ಕೇಳಿದರೆ ಹಾಗೇ ಇದೆ ಎನ್ನುತ್ತಿದ್ದೆ. ಆದರೆ ಶಾಲೆಯವರ ಬಾಯಿಗೆ ಬೀಗ ಹಾಕಲು ನನ್ನಿಂದಾದೀತೆ? ಪೋಷಕರ ಸಭೆಗೆ ಹೋದ ಗಂಡ ಮಿಠಾಯಿ ಪೊಟ್ಟಣ ಹಿಡಿದು ಬಂದರು. ಮಗಳು ಪೂರ್ತಿ ಒಂದು ಪೀರಿಯಡ್ ಕೂತಿದ್ದಳಂತೆ. ಬೇರೆ ಶಾಲೆಯ ಮಾತೇ ಇನ್ನಿಲ್ಲವಂತೆ.

ಅತ್ತೆ ಅಲ್ಲೇ ನೆಲಕ್ಕೆ ಕೂತು, ಸೆರಗು ಒಡ್ಡಿ ತೊಳುವಿನ ದಿಕ್ಕಿಗೆ ಕೈಮುಗಿದರು.

ಆ ರಾತ್ರಿ ನಾನು ಸುಮ್ಮನಿರಲಿಲ್ಲ. ಬೇರೆ ಕರು ತಂದು ಬಿಡೋಣ ಎಂದೆ. ಇನ್ನೊಂದು ವರ್ಷ ಹೋಗಲಿ ಎಂದೆ. ಟೀಚರಿಗೇ ಫೋನು ಮಾಡಿ ಗಂಡನ ಜೊತೆ ಮಾತಾಡಿಸಿದೆ. ಇದು ವಾಸಿಯಾಗಿ ಮುಗಿಯುವ ಕಾಯಿಲೆಯಲ್ಲ, ಮಗು ಇನ್ನೂ ಕಲಿಯುತ್ತಿದೆ, ಆ ಕರುವೇ ಅವಳಿಗೆ ಆಸರೆ ಎಂದು ಅವರು ತಮಿಳಿನಲ್ಲಿ ತಾಳ್ಮೆಯಿಂದ ಹೇಳಿದರು. ಗಂಡ ಹೂಂಗುಟ್ಟಿ ಫೋನನ್ನು ತಾಯಿಯ ಕೈಗೆ ಕೊಟ್ಟು ಎದ್ದುಹೋದರು. ತಾಯಿಯ ಎದುರು ಅವರ ಬಾಯಿ ಯಾವತ್ತು ತೆರೆದಿತ್ತು!

"ನಿಂಗೆ ನಾನು ರಾಕ್ಷಸಿ ಅನ್ನಿಸ್ತೀನಿ ಅಲ್ವಾ?" ಎಂದರು ಅತ್ತೆ ನನಗೆ. "ಆ ಕರಾನ ನಾನೂ ಎತ್ತಿ ಆಡ್ಸಿವ್ನಿ. ಆದ್ರೆ ಸಾಮಿಗೆ ಮಾತು ಕೊಟ್ಟು ತಪ್ಪಿದ್ರೆ, ಅದು ಈ ಕೂಸಿನ ಮೇಲೇ ಬಂದ್ರೆ? ನೀನು ತಡ್ಕೋತೀಯ? ನಾ ತಡ್ಕೊಳ್ಳಾಕಿಲ್ಲ ಕಣವ್ವ."

ಅವರಿಗೆ ಮೊಮ್ಮಗಳ ಮೇಲಿನ ಪ್ರೀತಿ ನನಗಿಂತ ಎಳ್ಳಷ್ಟೂ ಕಡಿಮೆಯಲ್ಲ. ಅದಕ್ಕೇ ನಾನು ಸೋತೆ.

ಕರು ಮೇವು ತಿನ್ನಲು ಕಲಿತ ಮೇಲೆ ಒಳ್ಳೆಯ ದಿನ ನೋಡಿದರು. ಕರುವಿಗೆ ಅರಿಶಿನ ಹಚ್ಚಿದರು, ಕುಂಕುಮ ಇಟ್ಟರು, ಹೂವಿನ ಹಾರ ಹಾಕಿದರು. ಮಗಳು ಅದೇನೋ ಹಬ್ಬವೆಂದುಕೊಂಡು ತಾನೇ ಹಗ್ಗ ಹಿಡಿದು ತೊಳುವಿನವರೆಗೆ ಕುಣಿಯುತ್ತ ನಡೆದಳು. ನಾನು ಮುಂಚೆಯೇ ಹೇಳಿದ್ದೆ, ಸಾಮಿ ಮನೆಗೆ ಬಿಡುತ್ತೇವೆ ಎಂದು. ಬಿಡುವುದು ಎಂದರೆ ಏನೆಂದು ಅವಳಿಗೆ ಹೊಳೆದಿರಲಿಲ್ಲ. ಬಾಗಿಲಲ್ಲಿ ದನ ನೋಡಿಕೊಳ್ಳುವವರು ಹಗ್ಗ ಬಿಚ್ಚಿ ಅವಳ ಕೈಗೇ ಕೊಟ್ಟು ಕರುವನ್ನು ಒಳಗೆ ಅಟ್ಟಿದರು. ಅವಳು ಹಗ್ಗ ನೋಡಿದಳು, ಕರು ನೋಡಿದಳು. ಆಮೇಲೆ ಅವಳು ಕಿರುಚಿದ್ದನ್ನು ನಾನು ಬರೆಯಲಾರೆ. ಗಂಡ ಅವಳನ್ನು ಹೆಗಲ ಮೇಲೆ ಹೊತ್ತು ತಂದರು. ಮನೆಯಲ್ಲಿ ಹಸು ಕೂಗುತ್ತಿತ್ತು, ಇವಳೂ ಕೂಗುತ್ತಿದ್ದಳು.

ಒಂದು ಸಂಜೆ ಅವಳನ್ನು ತೊಳುವಿಗೆ ಕರೆದೊಯ್ದೆ. ದನಗಳು ಮೇದು ಹಿಂತಿರುಗುವ ಹೊತ್ತು. ಅವಳು ಚೆಲುವೀ ಎಂದ ಕೂಡಲೇ ಹಿಂಡಿನೊಳಗಿಂದ ಅದು ನುಗ್ಗಿ ಬಂದು ಬೇಲಿಯ ಸಂದಿಯಿಂದ ಅವಳ ಕೈ ನೆಕ್ಕಿತು. ದನ ನೋಡಿಕೊಳ್ಳುವವರು ನನ್ನನ್ನು ಬದಿಗೆ ಕರೆದು, "ಇನ್ನು ಕರ್ಕೊಂಡು ಬರ್ಬ್ಯಾಡಿ ಅಕ್ಕ. ಕರ ಮೇವು ಮುಟ್ಟಾಕಿಲ್ಲ, ಹಿಂಡಿಗೆ ಸೇರಾಕಿಲ್ಲ" ಎಂದರು. ಅವರ ಮಾತೂ ನ್ಯಾಯವೇ. ಎಲ್ಲರದೂ ನ್ಯಾಯವೇ. ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

ತೇನಿಗೆ ಹೋಗುವುದನ್ನು ನಾನು ನಿಲ್ಲಿಸಲಿಲ್ಲ. ವಾಸಿಯಾಯಿತಲ್ಲ, ಇನ್ನೇಕೆ ಎಂದ ಗಂಡನಿಗೆ, ಹೋಗಿ ನಿಮ್ಮ ದ್ರಾಕ್ಷಿ ಚಪ್ಪರ ನೋಡಿಕೊಳ್ಳಿ ಎಂದೆ. ಆದರೆ ಮಗಳು ಮಣ್ಣು ಮುಟ್ಟಲೇ ಇಲ್ಲ. ಟೀಚರ್ ತಮಟೆ ಬಾರಿಸಿದರೆ ಕಿವಿ ಮುಚ್ಚಿಕೊಂಡಳು. ಶಾಲೆಯಿಂದ ಮತ್ತೆ ದೂರು ಬರತೊಡಗಿತು. ಬೆಂಚು ಹಾರಿದಳು, ಬೇರೆ ಮಕ್ಕಳ ಪುಸ್ತಕ ಹರಿದಳು, ಗೇಟು ದಾಟಿ ರಸ್ತೆಗೆ ಓಡಿದಳು. ಮನೆಯಲ್ಲಿ ಅಜ್ಜಿಯ ಕಣ್ಣೆದುರೇ ಹಾಲಿನ ಪಾತ್ರೆ ಒದ್ದಳು.

ಟೀಚರ್ ಮಾತ್ರ ಒಂದು ಸೂಕ್ಷ್ಮ ಗಮನಿಸಿದ್ದರು. "ಮುಂಚಿನ ಓಟ ಬೇರೆ, ಇದು ಬೇರೆ. ಆಗ ಅವಳು ಯಾರನ್ನೂ ನೋಡುತ್ತಿರಲಿಲ್ಲ. ಈಗ ಏನು ಮಾಡಿದರೂ ತಿರುಗಿ ನಿಮ್ಮ ಮುಖ ನೋಡುತ್ತಾಳೆ. ಯಾವುದಕ್ಕೋ ಕಾಯುತ್ತಿದ್ದಾಳೆ."

ಯಾವುದಕ್ಕೆ ಕಾಯುತ್ತಿದ್ದಾಳೆಂದು ಒಂದು ಭಾನುವಾರ ಮಧ್ಯಾಹ್ನ ತಿಳಿಯಿತು. ಕೊಟ್ಟಿಗೆಯ ಹಂಚು ಒಡೆದಳೆಂದು ಗಂಡ ಗದರಿದ್ದರು. ಅವಳು ಅಳಲಿಲ್ಲ. ನೇರ ಅಜ್ಜಿಯ ಹತ್ತಿರ ಹೋಗಿ ನಿಂತು, ಕರುವಿನ ಜೊತೆ ಆಡುತ್ತಿದ್ದ ಆ ಕನ್ನಡದಲ್ಲೇ ಕೇಳಿದಳು.

"ಅಜ್ಜೀ, ನಾ ಒಳ್ಳೇಳಾದೆ ಅಂತ ತಾನೆ ಚೆಲುವೀನ ಸಾಮಿಗೆ ಕೊಟ್ಟಿದ್ದು? ಈಗ ನಾ ಕೆಟ್ಟೋಳಾಗಿವ್ನಿ. ಸಾಮಿ ವಾಪಸ್ ಕೊಡ್ತಾನಾ?"

ಅತ್ತೆ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಅತ್ತೆ ಅವಳ ತಲೆ ಸವರಿ ಮೆಲ್ಲಗೆ, "ಇಲ್ಲ ಕಣ್ಣು. ಸಾಮಿಗೆ ಬುಟ್ಟಿದ್ದು ಬುಟ್ಟಂಗೇ" ಎಂದರು.

"ಎಷ್ಟ್ ಕೆಟ್ಟೋಳಾದ್ರೂನಾ?"

"ಎಷ್ಟ್ ಆದ್ರೂನೂವೆ."

ಅವಳು ಅಲ್ಲೇ ಜಗುಲಿಯ ಮೇಲೆ ಕೂತಳು. ಆವತ್ತಿನಿಂದ ಕೂರಿಸಿದಲ್ಲಿ ಕೂರುತ್ತಾಳೆ. ಶಾಲೆಯವರು ಹೊಗಳುತ್ತಾರೆ, ಬೀದಿಯ ಹೆಂಗಸರು ಎಂಥ ಸಾಧು ಮಗು ಎನ್ನುತ್ತಾರೆ. ಅತ್ತೆ ಮಾತ್ರ ಈಗ ಹಾಗೆ ಹೇಳುವುದಿಲ್ಲ. ನಿನ್ನೆ ಅವರೇ ಜಗುಲಿಗೆ ಹೋಗಿ, ವಯಸ್ಸಾದ ಮಂಡಿ ಊರಿ ಕೂತು ಮೊಮ್ಮಗಳ ಎರಡೂ ಕೈ ಹಿಡಿದುಕೊಂಡಿದ್ದರು. "ಓಡು ಕಣ್ಣು," ಎನ್ನುತ್ತಿದ್ದರು. "ಒಂದೇ ಒಂದು ಕಿತ ಓಡು. ನಾ ಬೈಯಾಕಿಲ್ಲ."

ಅವಳು ಕೂತೇ ಇದ್ದಳು.